ಮಡಿಕೆ ಮುರಿದ ಸೀರೆ

ಅದು ೧೯೧೧ನೆಯ ಇಸವಿ. ನನಗೆ ಹದಿನೈದು ವರ್ಷ ತುಂಬಿ ನಾಲ್ಕು ತಿಂಗಳಾಗಿತ್ತು. ತಂಗಿ ಪಾರ್ವತಿಗೆ ಹದಿಮೂರು. ಆ ವರ್ಷದ ಶ್ರಾವಣದಿಂದ ಮರುವರ್ಷದ ಫೆಬ್ರವರಿಯವರೆಗೆ ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಕ್ರಮ ತಪ್ಪದೆ ಇಲ್ಲಿ ಬರೆಯುತ್ತೇನೆ. ತಪ್ಪು ಮಾಡಿದವನು ನಾನು. ಇಪ್ಪತ್ತಮೂರು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟವನಾದ್ದರಿಂದ ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲೆ: ತಪ್ಪನ್ನು ಒಪ್ಪಿಕೊಳ್ಳಬೇಕಾದಾಗ ಮನುಷ್ಯನು ಕರ್ಮಣಿ ಪ್ರಯೋಗದ ಮೊರೆ ಹೋಗುತ್ತಾನೆ. ‘ಸೀರೆಯು ಒಯ್ಯಲ್ಪಟ್ಟಿತು’ ಎಂದು ಬರೆದರೆ ಒಯ್ದವನು ವಾಕ್ಯದೊಳಗಿಂದ ನುಣುಚಿಕೊಳ್ಳುತ್ತಾನೆ. ಈ ಅಧ್ಯಾಯದಲ್ಲಿ ನಾನು ಹಾಗೆ ನುಣುಚಿಕೊಳ್ಳುವುದಿಲ್ಲ.

ನಮ್ಮದು ನೇಕಾರರ ಮನೆ. ಮನೆಮಾತು ತೆಲುಗು, ಬೀದಿಯ ಮಾತು ಕನ್ನಡ. ಒಂದೇ ವಾಕ್ಯದಲ್ಲಿ ಎರಡೂ ಬೆರೆಯುತ್ತಿದ್ದವು. ತಂದೆಯನ್ನು ನಾವು ನಾಯನಾ ಎನ್ನುತ್ತಿದ್ದೆವು, ತಾಯಿಯನ್ನು ಅವ್ವಾ. ಬೀದಿಗೆ ಜಗಲಿ, ಒಳಗೆ ಪಡಸಾಲೆ, ಅದರ ಬಲಕ್ಕೆ ಮಗ್ಗದ ಕೋಣೆ, ಹಿಂದೆ ಅಡುಗೆಮನೆ: ಇಷ್ಟೇ ಮನೆ. ಮಗ್ಗದ ಕೋಣೆಯ ನೆಲದಲ್ಲಿ ಸೊಂಟದಾಳದ ಕುಣಿ. ನಾಯನ ಅದರೊಳಗೆ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದರು. ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಬರುವ ಸೀರೆಯನ್ನು ಒಬ್ಬರೇ ನೇಯಲಾಗದು. ಎಡಗಡೆಯ ಅಂಚಿನ ಲಾಳಿಯನ್ನು ಎಸೆಯಲು ಪಕ್ಕದ ಹಲಗೆಯ ಮೇಲೆ ಇನ್ನೊಬ್ಬರು ಕೂರಲೇಬೇಕು. ಎಂಟನೆಯ ವಯಸ್ಸಿನಿಂದ ಆ ಹಲಗೆ ನನ್ನದಾಗಿತ್ತು. ಊಟವಾದ ಮೇಲೆ ಕಡಲೆಹಿಟ್ಟು ಹಚ್ಚಿ ಕೈ ತೊಳೆದು, ಅಂಗೈಯನ್ನು ಅವ್ವನಿಗೆ ತೋರಿಸಿಯೇ ಮಗ್ಗದ ಕೋಣೆಗೆ ಹೋಗಬೇಕು. ಸಾರಿನ ಒಗ್ಗರಣೆಯ ಎಣ್ಣೆ ರೇಷ್ಮೆಗೆ ತಗುಲಿದರೆ ಅದು ಯಾವ ನೀರಿಗೂ ಹೋಗುತ್ತಿರಲಿಲ್ಲ. ಈ ತೊಳೆಯುವ ವಿಷಯದಲ್ಲಿ ಅವ್ವನೂ ನಾಯನನೂ ದಿನಕ್ಕೊಮ್ಮೆಯಾದರೂ ಜಗಳವಾಡುತ್ತಿದ್ದರು. ನಾಯನ ತಾವೇ ಆ ನಿಯಮವನ್ನು ಮಾಡಿ ತಾವೇ ಮರೆಯುತ್ತಿದ್ದರು.

ಧಾರೆ ಸೀರೆಯ ವಿಷಯದಲ್ಲಿ ಮಾತ್ರ ಯಾರೂ ಏನನ್ನೂ ಮರೆಯುತ್ತಿರಲಿಲ್ಲ. ಮಗ್ಗದಿಂದ ಕತ್ತರಿಸಿದ ಸೀರೆಯನ್ನು ಇಬ್ಬರು ಹಿಡಿದು ಮಡಿಸಿ, ಮೂರು ದಿನ ಚಪ್ಪಡಿಯ ಕೆಳಗಿಟ್ಟು, ಅರಿಶಿನದ ದಾರ ಸುತ್ತಿ ಗಂಟು ಹಾಕುತ್ತಿದ್ದರು. ಆ ಗಂಟನ್ನು ಬಿಚ್ಚಬೇಕಾದವಳು ಮದುಮಗಳು. ಅಲ್ಲಿಯವರೆಗೆ ಮಡಿಕೆ ಮುರಿಯಬಾರದು. ಬೇರೊಬ್ಬರ ಮೈಗೆ ತಾಗಿದ ಸೀರೆಯನ್ನು ಉಟ್ಟು ಧಾರೆಗೆ ಕೂರುವುದು ಅಶುಭವೆಂದು ನಮ್ಮ ಸೀಮೆಯವರ ನಂಬಿಕೆ. ಒಮ್ಮೆ ಬಿಚ್ಚಿ ಉಟ್ಟ ರೇಷ್ಮೆಯನ್ನು ಎಷ್ಟು ಜಾಣತನದಿಂದ ಮಡಿಸಿದರೂ ಮಗ್ಗದ ಮಡಿಕೆ ಮತ್ತೆ ಬರುವುದಿಲ್ಲ. ಅದನ್ನು ಬೇರೆಯವರ ಕಣ್ಣು ಕಾಣದಿದ್ದರೂ ನೇಕಾರನ ಬೆರಳು ಕಾಣುತ್ತದೆ.

ಇನ್ನು ನನ್ನ ಮುಖದ ವಿಷಯ. ಆ ವಯಸ್ಸಿನಲ್ಲಿ ನಾನು ಬಹಳ ಸುಂದರನಾಗಿದ್ದೆ. ಇದನ್ನು ಸಂಕೋಚವಿಲ್ಲದೆ ಬರೆಯಲು ಸಾಧ್ಯವಾಗುವುದು ಅದರಲ್ಲಿ ಈಗ ಏನೂ ಉಳಿದಿಲ್ಲವಾದ್ದರಿಂದ. ಸಂತೆಯಲ್ಲಿ ಹೆಂಗಸರು ನಿಂತು ನೋಡಿ ಅವ್ವನಿಗೆ ದೃಷ್ಟಿ ತೆಗೆಯಲು ಹೇಳುತ್ತಿದ್ದರು. ಪಾರ್ವತಿಗೆ ಆರನೆಯ ವಯಸ್ಸಿನಲ್ಲಿ ಸಿಡುಬು ಬಂದು ಕೆನ್ನೆ, ಹಣೆಗಳ ಮೇಲೆ ಕಲೆಗಳು ಉಳಿದಿದ್ದವು. ‘ಅಣ್ಣನ ಮುಖ ತಂಗಿಗೆ ಬರಬಾರದಿತ್ತಾ’ ಎಂದು ಬಂದವರೆಲ್ಲ ಅವಳ ಎದುರಿಗೇ ಹೇಳುತ್ತಿದ್ದರು. ಅವಳು ನಗುತ್ತಿದ್ದಳು, ನಾನು ಕೇಳಿಯೂ ಕೇಳದವನಂತೆ ಇರುತ್ತಿದ್ದೆ. ಆದರೆ ಕೇಳುತ್ತಿದ್ದೆ.

ಶ್ರಾವಣದಲ್ಲಿ ಶೇಷಯ್ಯನವರು ಬಂದರು. ಚಳ್ಳಕೆರೆಯಲ್ಲಿ ಅವರಿಗೆ ಜವಳಿ ಅಂಗಡಿ ಇತ್ತು. ವರ್ಷಕ್ಕೆ ಮೂರು ನಾಲ್ಕು ಬಾರಿ ಗಾಡಿ ಕಟ್ಟಿಕೊಂಡು ಬಂದು ನಮ್ಮ ಕೇರಿಯ ಸೀರೆಗಳನ್ನು ಒಯ್ಯುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಕಿವಿಯಲ್ಲಿ ಅತ್ತರಿನ ಹತ್ತಿ, ಮೃದುವಾದ ಮಾತು. ಯಾರನ್ನೂ ಗದರಿದವರಲ್ಲ. ನಮ್ಮ ಪಡಸಾಲೆಯಲ್ಲಿ ಸೀರೆಗಳನ್ನು ನೋಡುವಾಗ ಅವರು ನನ್ನನ್ನು ಕರೆದು ಒಂದೊಂದನ್ನೂ ನನ್ನ ಹೆಗಲ ಮೇಲೆ ಹಾಕಿ ಬೆಳಕಿಗೆ ನಿಲ್ಲಿಸಿದರು. ನಾಯನ ಒಳಗೆ ಹೋದೊಡನೆ ಹೇಳಿದರು:

“ಲೇ ನರಸಿಂಹ, ಯಾವತ್ತಾದ್ರೂ ಕನ್ನಡಿ ನೋಡ್ಕೊಂಡಿದೀಯೇನೋ?”

“ನಮ್ಮನೇಲಿ ಕನ್ನಡಿ ಇಲ್ಲ ಸಾವ್ಕಾರ್ರೆ.”

“ಅದಕ್ಕೇ ಕುಣೀ ಪಕ್ಕ ಕೂತ್ಕೊಂಡಿದೀಯ. ನಿಮ್ಮಪ್ಪ ಇಪ್ಪತ್ತು ವರ್ಷದೋನಾಗಿದ್ದಾಗ ನಾನು ನೋಡಿದೀನಿ. ಹಿಂಗೇ ಇದ್ದ. ಈಗ ನೋಡು, ಬೆನ್ನು ಬಗ್ಗೈತೆ, ಕಣ್ಣು ಗುಳಿ ಬಿದ್ದೈತೆ. ನಿಂಗೆ ಇನ್ನು ಐದಾರು ವರ್ಷ ಟೈಮ್ ಐತೆ. ಆಮೇಲೆ ನೀನೂ ಅಷ್ಟೇ.”

ಮರುದಿನ ಹೊರಡುವಾಗ ಅಂಗೈಯಗಲದ ಒಂದು ಕನ್ನಡಿಯನ್ನು ನನ್ನ ಕೈಗೆ ಹಾಕಿದರು. ಅದನ್ನು ನಾನು ನೂಲಿನ ಬುಟ್ಟಿಯ ತಳದಲ್ಲಿಟ್ಟುಕೊಂಡೆ.

ಮನುಷ್ಯನು ಕೆಡುವುದು ದೊಡ್ಡ ಪಾಪದಿಂದಲ್ಲ. ಯಾವುದೋ ಒಂದು ಹೊಗಳಿಕೆಯನ್ನು ನಿಜವೆಂದು ಒಪ್ಪಿಕೊಂಡ ಕ್ಷಣದಿಂದ. ನಾನು ಮೊದಲು ಬಿಟ್ಟದ್ದು ಹಲಗೆಯನ್ನು. ಬೆನ್ನು ನೋವು, ತಲೆ ನೋವು ಎಂದು ಹೇಳಿ ಎದ್ದುಬಿಡುತ್ತಿದ್ದೆ. ಪಾರ್ವತಿ ಮರುಮಾತಿಲ್ಲದೆ ಬಂದು ನನ್ನ ಜಾಗದಲ್ಲಿ ಕೂರುತ್ತಿದ್ದಳು. ಒಂದು ತಿಂಗಳಲ್ಲಿ ಅವಳ ಲಾಳಿ ನನ್ನದಕ್ಕಿಂತ ನೇರವಾಗಿ ಹೋಗತೊಡಗಿತು. ಬಿಸಿಲಿಗೆ ಹೋದರೆ ಬಣ್ಣ ಕೆಡುತ್ತದೆಂದು ನೀರು ತರುವುದನ್ನೂ ಬಿಟ್ಟೆ. ಊಟಕ್ಕೆ ಕೂತಾಗ ನಾಯನನ ಬೆರಳುಗಳನ್ನು ನೋಡಿ, ನನ್ನ ಬೆರಳುಗಳನ್ನು ನೋಡಿಕೊಂಡು, ಒಳಗೊಳಗೇ ಅವರನ್ನು ಹೀಗಳೆಯುತ್ತಿದ್ದೆ. ಮುದ್ದೆ ಮುರಿಯುತ್ತಿದ್ದ ಆ ಕೈಯೇ ನನ್ನ ಮುದ್ದೆಗೂ ದುಡಿದಿತ್ತು ಎಂಬುದು ನನಗೆ ಹೊಳೆಯಲಿಲ್ಲವೆಂದಲ್ಲ. ಹೊಳೆಯಿತು, ಪಕ್ಕಕ್ಕಿಟ್ಟೆ.

ಆಶ್ವಯುಜದಲ್ಲಿ ಧಾರೆ ಸೀರೆಯೊಂದು ಮಗ್ಗವಿಳಿಯಿತು. ಎರಡು ಹರಿದಾರಿ ದೂರದ ಹಳ್ಳಿಯ ಗೌಡರ ಮನೆಯ ಮೊಮ್ಮಗಳಿಗೆ, ಫಾಲ್ಗುಣದ ಮದುವೆಗೆ, ಬಹಳ ಮುಂಚೆಯೇ ಹೇಳಿ ನೇಯಿಸಿದ್ದು. ಹಸಿರು ಒಡಲು, ಕುಂಕುಮದ ಬಣ್ಣದ ಅಂಚು, ಜರಿಯ ಸೆರಗು. ನಾಯನ ಅದನ್ನು ದೇವರ ಗೂಡಿನ ಕೆಳಗಿನ ಪೆಟ್ಟಿಗೆಯಲ್ಲಿಟ್ಟರು. ಅದೇ ವಾರ ಚಳ್ಳಕೆರೆಗೆ ಎರಡು ಸಾಧಾರಣ ಸೀರೆಗಳನ್ನು ತಲುಪಿಸಲು ನನ್ನನ್ನು ಕಳುಹಿಸಿದರು. ಶೇಷಯ್ಯನವರು ನನಗೆ ಮೊದಲೇ ಗುಟ್ಟಾಗಿ ಹೇಳಿ ಕಳುಹಿಸಿದ್ದರು: ಊರಿಗೆ ಫೋಟೋ ತೆಗೆಯುವವನು ಬರುತ್ತಾನೆ, ನಿಮ್ಮ ಮನೆಯ ಅತ್ಯುತ್ತಮ ಸೀರೆಯೊಂದನ್ನು ತಾ. ಮರ್ಯಾದಸ್ಥರ ಮನೆಯ ಯಾವ ಹೆಂಗಸೂ ಕ್ಯಾಮೆರಾದ ಮುಂದೆ ನಿಲ್ಲದ ಕಾಲವದು. ದೂರದ ಊರುಗಳ ಗಿರಾಕಿಗಳಿಗೆ ತೋರಿಸಲು ಅವರಿಗೆ ಸೀರೆ ಉಟ್ಟ ಒಂದು ಚೆಂದದ ಮುಖ ಬೇಕಾಗಿತ್ತು. ನಾನು ಪೆಟ್ಟಿಗೆ ತೆರೆದೆ. ಧಾರೆ ಸೀರೆಯನ್ನು ನನ್ನ ಗಂಟಿನೊಳಗೆ ಸೇರಿಸಿದೆ. ಚಳ್ಳಕೆರೆಯ ಅಂಗಡಿಯ ಹಿಂಗೋಣೆಯಲ್ಲಿ ಅರಿಶಿನದ ದಾರವನ್ನು ನಾನೇ ಬಿಚ್ಚಿದೆ, ನಾನೇ ಉಟ್ಟೆ. ಮೇಲೆ ಸೆರಗು, ಮುಡಿಗೆ ಚೌರಿ, ಹಣೆಗೆ ಕುಂಕುಮ. ದಾರ ಬಿಚ್ಚುವಾಗ ಕೈ ತಡೆದದ್ದನ್ನು ನೋಡಿ ಶೇಷಯ್ಯನವರು ನಕ್ಕರು.

“ಯಾಕೋ, ಭಯವೇನೋ?”

“ಗೊತ್ತಾದ್ರೆ ನಾಯನ ಕೊಂದೇ ಬಿಡ್ತಾರೆ.”

“ಗೊತ್ತಾದ್ರೂ ನಿನ್ನ ಮೇಲೆ ಬರಲ್ಲ. ನಾನು ಊರೂರು ಸುತ್ತಿ ಕಲ್ತಿರೋದು ಇದೊಂದೇ ಪಾಠ. ಚೆಂದ ಇರೋರು ತಪ್ಪು ಮಾಡ್ತಾರೆ ಅಂತ ಜನಕ್ಕೆ ನಂಬೋಕೆ ಮನಸ್ಸು ಬರಲ್ಲ. ಬೇಕಾದ್ರೆ ನೋಡ್ತಿರು.”

ಫೋಟೋ ತೆಗೆಸಿಕೊಂಡು ಊರಿಗೆ ಮರಳಿ, ಯಾರೂ ಇಲ್ಲದ ಹೊತ್ತು ನೋಡಿ, ಹಳೆಯ ಗೆರೆಗಳ ಮೇಲೆಯೇ ಸೀರೆಯನ್ನು ಮಡಿಸಿ, ದಾರ ಸುತ್ತಿ, ಕೈಗೆ ರೂಢಿಯಾಗಿದ್ದ ನೇಕಾರರ ಗಂಟನ್ನು ಹಾಕಿ ಪೆಟ್ಟಿಗೆಯಲ್ಲಿಟ್ಟೆ.

ಕಾರ್ತಿಕದ ಮೊದಲ ವಾರ ಗೌಡರ ಮನೆಯ ಹಿರಿಯಮ್ಮ, ಮದುಮಗಳ ಅಜ್ಜಿ, ತಾವೇ ಗಾಡಿಯಲ್ಲಿ ಬಂದರು. ಅವ್ವ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟಳು. ನಾಯನ ಸೀರೆಯನ್ನು ಎರಡೂ ಅಂಗೈಗಳ ಮೇಲೆ ತಂದರು; ತರುವಾಗಲೇ ನಡಿಗೆ ನಿಧಾನವಾಯಿತು. ಹೆಬ್ಬೆರಳಿನಿಂದ ಮಡಿಕೆಯ ಅಂಚನ್ನು ಒಮ್ಮೆ ಒತ್ತಿದರು. ಹಿರಿಯಮ್ಮ ಕೈ ಚಾಚಿದ್ದರು. ನಾಯನ ಕೊಡಲಿಲ್ಲ.

“ಅಮ್ಮಾ, ಈ ಸೀರೆ ನಿಮಗೆ ಕೊಡಕ್ಕಾಗಲ್ಲ. ಇದನ್ನ ಯಾರೋ ಉಟ್ಟವ್ರೆ.”

“ಏನಂದೆ?”

“ಮಡಿಕೆ ಮುರಿದೈತಮ್ಮಾ.”

ಸುಮ್ಮನೆ ಕೊಟ್ಟಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ. ನಾಯನ ಸುಮ್ಮನಿರಲಿಲ್ಲ. ಆಮೇಲೆ ಗಂಟನ್ನು ಬೆಳಕಿಗೆ ಹಿಡಿದು ನೋಡಿ, “ಗಂಟು ಮಗ್ಗದ ಮನೇದೇ. ಹೊರಗಿನೋರು ಹಾಕಿಲ್ಲ” ಎಂದರು. ಅವರ ಬೆರಳು ಅಲ್ಲಿಯವರೆಗೆ ತಪ್ಪಲಿಲ್ಲ. ಅವರನ್ನು ನಮ್ಮ ಮನೆಯೊಳಕ್ಕೇ ಕರೆತಂದಿತು. ಅಲ್ಲಿಂದ ಮುಂದೆ ಕಣ್ಣು ತಪ್ಪಿತು. ಸೀರೆ ಎಂದರೆ ಹೆಣ್ಣು. ಮನೆಯಲ್ಲಿ ಗಂಟು ಬಲ್ಲ ಹುಡುಗಿ ಒಬ್ಬಳೇ. ಎಲ್ಲರೂ ಪಾರ್ವತಿಯ ಕಡೆಗೆ ತಿರುಗಿದರು.

“ನಾನಲ್ಲ ನಾಯನಾ. ನಾನ್ಯಾಕೆ ಉಡ್ಲಿ? ಜಟಿಂಗ ರಾಮೇಶ್ವರನ ಆಣೆ, ನಾನು ಮುಟ್ಟಿಲ್ಲ.”

ಅವ್ವ ಅವಳ ಕೆನ್ನೆಗೆ ಹೊಡೆದಳು. “ಆ ಬೆಟ್ಟದ ದೇವ್ರ ಮೇಲೆ ಸುಳ್ಳಾಣೆ ಹಾಕ್ತೀಯೇನೇ?”

ಹಿರಿಯಮ್ಮ ಎದ್ದು ಸೆರಗು ಸರಿಮಾಡಿಕೊಂಡರು. “ಇಷ್ಟೊಂದು ಕಲೆ ಇರೋ ಮುಖಕ್ಕೆ ಧಾರೆ ಸೀರೆ ಉಟ್ಟು ನೋಡೋ ಆಸೆ ಆಗೈತೆ, ಪಾಪ. ಆದ್ರೆ ನಮ್ಮ ಹುಡುಗೀದು ಉಡಬೇಕಾಗಿತ್ತಾ?”

ನನ್ನನ್ನು ಯಾರೂ ಆಣೆ ಕೇಳಲಿಲ್ಲ. ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ಮಗ್ಗದ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಹಿರಿಯಮ್ಮ ಹೊರಡುವಾಗ ನನ್ನ ಗಲ್ಲ ಸವರಿ, “ಇವನು ಯಾರ ಹೊಟ್ಟೇಲಿ ಹುಟ್ಟಬೇಕಾಗಿತ್ತೋ” ಎಂದು ಹೋದರು. ಮುಂದೆ ಶಾಲೆಯಲ್ಲಿ ಏನಾದರೂ ಕಳೆದಾಗ ನಾನು ಹಾಜರಿ ಪುಸ್ತಕದ ಅನುಕ್ರಮದಲ್ಲಿಯೇ ಪ್ರತಿಯೊಬ್ಬನನ್ನೂ ಎಬ್ಬಿಸಿ, ಪ್ರತಿಯೊಬ್ಬನಿಗೂ ಒಂದೇ ಪ್ರಶ್ನೆಯನ್ನು ಒಂದೇ ಪದಗಳಲ್ಲಿ ಕೇಳುತ್ತಿದ್ದೆ. ಮೇಷ್ಟ್ರಿಗೆ ಹುಚ್ಚು ಎಂದು ಮಕ್ಕಳು ಆಡಿಕೊಂಡರು. ಆಡಿಕೊಳ್ಳಲಿ.

ನಾಯನ ಪಾರ್ವತಿಗೆ ಹೊಡೆಯಲಿಲ್ಲ. “ಇನ್ನು ಮಗ್ಗ ಮುಟ್ಟಬ್ಯಾಡ” ಎಂದಷ್ಟೇ ಹೇಳಿದರು. ಹೊಡೆತಕ್ಕೆ ಅಳದಿದ್ದವಳು ಆ ಮಾತಿಗೆ ಅತ್ತಳು. ಅಲ್ಲಿಂದ ನಾಯನ ಒಬ್ಬರೇ ನೇಯಬಹುದಾದ ಒಂದೇ ಬಣ್ಣದ ಸೀರೆಗಳನ್ನಷ್ಟೇ ನೇಯ್ದರು. ಸುದ್ದಿ ಕೇರಿ ದಾಟಿ ರಾಯದುರ್ಗಕ್ಕೂ ಹೋಯಿತು. ಅಲ್ಲಿಯ ನೇಕಾರರ ಮನೆಯೊಂದಕ್ಕೆ ಅವಳನ್ನು ಕೊಡುವ ಮಾತಾಗಿತ್ತು. ಅದೇ ತಿಂಗಳು ತಾಂಬೂಲ. ಹುಡುಗನ ಸೋದರಮಾವ ಹೇಳಿ ಕಳುಹಿಸಿದರು: ‘ಪೆಟ್ಟಿಗೆಗೆ ಕೈ ಹಾಕೋ ಹುಡುಗಿ ನಮಗೆ ಬ್ಯಾಡ.’ ಅವ್ವ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಪಾರ್ವತಿ ತಾನೇ ಹಚ್ಚಿ, ಮುದ್ದೆ ತೊಳಸಿ, ಮೊದಲನೆಯದನ್ನು ನನಗೇ ಬಡಿಸಿದಳು.

“ಅಣ್ಣಾ, ನೀನಾದ್ರೂ ನಂಬ್ತೀಯಾ, ನಾನು ಉಟ್ಟಿಲ್ಲ ಅಂತ?”

“ನಂಬ್ತೀನಿ” ಎಂದೆ. ಆ ಒಂದು ತಿಂಗಳಲ್ಲಿ ನಾನಾಡಿದ ನಿಜವಾದ ಮಾತು ಅದೊಂದೇ, ಅದೂ ಸುಳ್ಳಿಗಿಂತ ಕೆಟ್ಟದಾಗಿತ್ತು.

ಕಾರ್ತಿಕದ ಕೊನೆಗೆ ಶೇಷಯ್ಯನವರು ಫೋಟೋ ತಂದರು. ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ನಡೆದದ್ದನ್ನೆಲ್ಲ ಪಿಸುಮಾತಿನಲ್ಲಿ ಹೇಳಿದೆ. ಅವರು ಗಾಬರಿಯಾಗುತ್ತಾರೆಂದು ಭಾವಿಸಿದ್ದೆ. ಅವರ ಕಣ್ಣು ಹೊಳೆಯಿತು.

“ನಾನು ಹೇಳಿರ್ಲಿಲ್ವೇನೋ? ಈಗ ನಂಬಿದೆಯಾ? ಬಾಯಿ ಮುಚ್ಕೊಂಡಿರು. ಇನ್ನೊಂದು ತಿಂಗಳಿಗೆ ಎಲ್ಲಾ ಮರೀತಾರೆ. ಅಂಗಡಿಗೆ ಬಂದುಬಿಡು, ಬೆಂಗಳೂರು, ಮದ್ರಾಸು ಎಲ್ಲಾ ತೋರಿಸ್ತೀನಿ.”

“ಪಾರು ಗತಿ?”

“ಆ ಮುಖಕ್ಕೆ ಇದಿಲ್ದಿದ್ರೆ ಇನ್ನೊಂದು ಬೈಗುಳ ಬರ್ತಿತ್ತು. ಬಿಡೋ.”

ನಾನು ಫೋಟೋವನ್ನು ನೋಡಿದೆ. ಅದರಲ್ಲಿ ಒಂದು ಕೊರತೆಯೂ ಇರಲಿಲ್ಲ. ತುಸು ಬಾಗಿದ ಕತ್ತು, ತಣ್ಣಗಿನ ಕಣ್ಣು, ಯಾರಿಗೂ ಏನೂ ಕೆಡುಕು ಮಾಡದವರ ತುಟಿ. ಪಾರ್ವತಿಗೆ ಪೆಟ್ಟು ಬೀಳುವಾಗ ಬಾಗಿಲಿಗೆ ಒರಗಿ ನಿಂತಿದ್ದವನ ಮುಖವೂ ಹೀಗೆಯೇ ಇದ್ದಿರಬೇಕು ಎಂದು ತಿಳಿಯಿತು. ಆಗ ನಾನು ನಿರ್ಧರಿಸಿದೆ. ಧೈರ್ಯ ಬಂದಿತ್ತೆಂದು ಬರೆಯಲಾರೆ. ಆದರೆ ನಿರ್ಧಾರಕ್ಕೆ ಧೈರ್ಯ ಮೊದಲೇ ಬರಬೇಕೆಂಬ ನಿಯಮವಿಲ್ಲ ಎಂಬುದನ್ನು ಅಂದು ಕಲಿತೆ. ನೇರವಾಗಿ ಮಗ್ಗದ ಕೋಣೆಗೆ ಹೋಗಿ ಫೋಟೋವನ್ನು ನಾಯನನ ಮುಂದೆ, ನೇಯುತ್ತಿದ್ದ ಬಟ್ಟೆಯ ಮೇಲೆ ಇಟ್ಟೆ.

ನಾಯನ ಕೈಗೆತ್ತಿಕೊಂಡರು. ಮೊದಲು ನೋಡಿದ್ದು ಮುಖವನ್ನಲ್ಲ.

“ಅಂಚು ನಮ್ದು. ಸೆರಗೂ ನಮ್ದೇ... ಯಾರೋ ಈ ಹೆಣ್ಣುಮಗಳು?”

“ನಾನು, ನಾಯನಾ.”

ಅವರು ಫೋಟೋವನ್ನೂ ನನ್ನನ್ನೂ ಎರಡು ಮೂರು ಬಾರಿ ನೋಡಿದರು. ನಾನು ಎಲ್ಲವನ್ನೂ ಮೊದಲಿನಿಂದ ಹೇಳಿದೆ, ಕನ್ನಡಿಯನ್ನೂ ಬಿಡಲಿಲ್ಲ. ಹೇಳಿ ಮುಗಿಸಿದಾಗ ಅವ್ವ ಬಾಗಿಲಲ್ಲಿ ಕುಸಿದು ಕೂತಿದ್ದಳು. ನಾಯನ ಕುಣಿಯಿಂದ ಎದ್ದು ಪಡಸಾಲೆಗೆ ಹೋದರು.

“ಶೇಷಯ್ಯನೋರೆ, ಊಟಕ್ಕೆ ಇಟ್ಟೈತೆ. ಉಂಡು ಹೊರಡ್ರಿ. ಇನ್ನು ಈ ಜಗಲಿ ಹತ್ತಬ್ಯಾಡ್ರಿ.”

“ಹುಡುಗಾಟಕ್ಕೆ ಇಷ್ಟು ದೊಡ್ಡ ಮಾತಾ? ಹಂಗಾದ್ರೆ ಸೀರೆ ಯಾರಿಗೆ ಮಾರ್ತೀಯಪ್ಪಾ?”

“ಕೊಳ್ಳೋರು ಸಿಗ್ತಾರ್ರಿ. ಮಗನ್ನ ಕೊಳ್ಳೋರು ಬ್ಯಾಡ.”

ಶೇಷಯ್ಯನವರು ಉಣ್ಣದೆ ಹೋದರು. ಫೋಟೋದ ಗಾಜಿನ ಪ್ಲೇಟು ಅವರ ಬಳಿಯೇ ಉಳಿಯಿತು. ಎಷ್ಟು ಊರುಗಳಲ್ಲಿ ಎಷ್ಟು ಜನ ಆ ಮುಖವನ್ನು ಮೆಚ್ಚಿದರೋ ನನಗೆ ತಿಳಿಯದು.

ಮರುದಿನ ನಸುಕಿನಲ್ಲೆದ್ದು ಫೋಟೋ ಹಿಡಿದು ರಾಯದುರ್ಗಕ್ಕೆ ನಡೆದೆ. ಯಾರೂ ಹೋಗೆನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ಹುಡುಗನ ಸೋದರಮಾವ ಫೋಟೋ ನೋಡಿ, ಮನೆಮಂದಿಯನ್ನೆಲ್ಲ ಕೂಗಿ ಕರೆದರು. ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. “ಏಮ್ಮಾ, ಮನ ಪಿಲ್ಲವಾಡಿಕಿ ಈ ಪಿಲ್ಲನೇ ಅಡುಗುದಾಮಾ?” ಎಂದೊಬ್ಬಳು ಕೇಳಿದಳು: ನಮ್ಮ ಹುಡುಗನಿಗೆ ಈ ಹುಡುಗಿಯನ್ನೇ ಕೇಳೋಣವೇ ಎಂದು. ನಾನು ನಿಂತೇ ಇದ್ದೆ. ಅವರ ನಗೆ ಮುಗಿದ ಮೇಲೆ ನನ್ನ ತಂಗಿಯದು ತಪ್ಪಿಲ್ಲವೆಂದು ಮತ್ತೊಮ್ಮೆ ಹೇಳಿದೆ. ಸೋದರಮಾವ ನಗು ನಿಲ್ಲಿಸಿದರು.

“ನೀನು ಹೇಳಿದ್ದು ಸರಿ. ಆದ್ರೆ ಅವಳ ಹೆಸರು ಕೆಟ್ಟಿದ್ದು ಗೌಡರ ಮನೆಯೋರ ಬಾಯಿಂದ. ಅವರ ಬಾಯಿಂದ್ಲೇ ತೊಳೆಯಿಸ್ಕೊಂಡು ಬಾ. ನಾನೇ ತಾಂಬೂಲ ತರ್ತೀನಿ.”

ಗೌಡರ ಮನೆಗೆ ನಾಯನನೇ ಹೋಗಿ, ನಡೆದದ್ದನ್ನೆಲ್ಲ ತಿಳಿಸಿ, ಮದುವೆಯೊಳಗೆ ಬೇರೆ ಸೀರೆ ನೇಯ್ದು ಕೊಡುವುದಾಗಿ ಹೇಳಿ ಬಂದರು. ಹಿರಿಯಮ್ಮ ಸೀರೆ ನೋಡಿ ಹೇಳುತ್ತೇನೆಂದರು. ಹೊಸ ರೇಷ್ಮೆ ತಂದು, ಬಣ್ಣ ಹಾಕಿ, ಉದ್ದೆಳೆಗಳ ಹಾಸು ಸಿದ್ಧವಾಗುವುದರೊಳಗೆ ಪುಷ್ಯ ಬಂತು. ನಾನು ಕುಣಿಗೆ ಇಳಿಯಲು ಹೋದೆ. ನನ್ನ ತಪ್ಪಿಗೆ ನಾನೇ ನೇಯಬೇಕೆಂದು ಲೆಕ್ಕ ಹಾಕಿದ್ದೆ. ನಾಯನ ತಡೆದರು.

“ನೀನು ಹಲಗೆ ಮೇಲೆ ಕೂತ್ಕೋ. ಪಾರೂ, ಇಳಿಯಮ್ಮಾ.”

ನಮ್ಮ ಕೇರಿಯಲ್ಲಿ ಹೆಣ್ಣುಮಕ್ಕಳು ನೂಲು ಸುತ್ತುತ್ತಿದ್ದರು, ಅಂಚಿನ ಲಾಳಿ ಎಸೆಯುತ್ತಿದ್ದರು, ಕುಣಿಗೆ ಇಳಿಯುತ್ತಿರಲಿಲ್ಲ. ಅವ್ವ ಏನೋ ಹೇಳಹೋದಳು.

“ಅವಳ ಮೇಲೆ ಹೊರಿಸಿದ ಸೀರೆ. ಅವಳೇ ನೇಯ್ಲಿ” ಎಂದರು ನಾಯನ.

ಪಾರ್ವತಿ ಅಂಗೈಯನ್ನು ಅವ್ವನಿಗೆ ತೋರಿಸಿ, ಲಂಗ ಎತ್ತಿ ಕಟ್ಟಿ ಇಳಿದಳು. ಅವಳ ಕಾಲಿಗೆ ಕುಣಿಯೊಳಗಿನ ಕಾಲುಮೆಟ್ಟು ಎಟುಕದೆ ಅದರ ಮೇಲೆ ಮರದ ತುಂಡುಗಳನ್ನು ಕಟ್ಟಬೇಕಾಯಿತು. ಅವಳು ಎಳೆ ಬಿಗಿಸುವ ಬಡಿಹಲಗೆಯನ್ನು ಬಡಿದೊಡನೆ ನಾನು ಲಾಳಿ ಎಸೆಯಬೇಕು. ಒಂದು ಕ್ಷಣ ತಡವಾದರೂ ಅಂಚು ಸಡಿಲವಾಗುತ್ತದೆ. ಐದು ತಿಂಗಳು ಕೆಲಸ ಬಿಟ್ಟ ಕೈ ನನ್ನದು. ಮೊದಲ ದಿನವೇ ನಾಲ್ಕು ಬಾರಿ ಬಿಚ್ಚಿಸಿದಳು.

“ಸರಿಯಾಗಿ ಎಸಿ ಸುಂದರಮ್ಮಾ. ಫೋಟೋಕ್ಕೆ ಕೂತಿದೀಯ ಅಂದ್ಕೊಂಡಿದೀಯಾ?”

“ಲೇ ಪಾರೂ, ಅಣ್ಣ ಅನ್ನೋ ಭಯ ಇರ್ಲಿ.”

“ಅಣ್ಣನೋ ಅಕ್ಕನೋ ಇನ್ನೂ ತೀರ್ಮಾನ ಆಗಿಲ್ಲ. ಎಸಿ, ಎಸಿ.”

ನಾಯನ ಗೋಡೆಗೆ ಒರಗಿ ನೂಲು ಬಿಡಿಸುತ್ತಿದ್ದರು. ನಗದಿರಲು ಅವರು ಪಡುತ್ತಿದ್ದ ಪಾಡನ್ನು ನಾನು ಕಂಡೆ. ದಿನಕ್ಕೆ ಒಂದು ಗೇಣಿಗಿಂತ ಹೆಚ್ಚು ಮುಂದೆ ಹೋಗಲಿಲ್ಲ. ಸೆರಗಿನ ಭಾಗದಲ್ಲಿ ಎರಡು ಬಾರಿ ಹಾಸಿನ ಎಳೆಗಳು ಕಡಿದವು; ಕೂತು ಒಂದೊಂದನ್ನೇ ಗಂಟು ಹಾಕಿದೆವು. ನನ್ನ ಬೆರಳ ತುದಿಗಳು ಮತ್ತೆ ಗಡುಸಾದವು. ಕನ್ನಡಿಯನ್ನು ಬುಟ್ಟಿಯಿಂದ ತೆಗೆದು ಅವಳಿಗೆ ಕೊಡಹೋದೆ. ತನಗೆ ಬೇಡವೆಂದಳು, ಮಾರಿ ಬೆಲ್ಲ ತಾ ಎಂದಳು. ಹಾಗೇ ಮಾಡಿದೆ.

ಸೀರೆ ಇಳಿದು, ಚಪ್ಪಡಿಯ ಕೆಳಗೆ ಮೂರು ದಿನ ಕಳೆದ ಮೇಲೆ ಹಿರಿಯಮ್ಮ ಬಂದರು. ಈ ಬಾರಿ ಅಕ್ಕಪಕ್ಕದವರೂ ಜಗಲಿಯ ಬಳಿ ಸೇರಿದ್ದರು. ರಾಯದುರ್ಗದ ಸೋದರಮಾವನೂ ಬಂದು ಒಂದು ಮೂಲೆಯಲ್ಲಿ ನಿಂತಿದ್ದರು. ಹಿರಿಯಮ್ಮ ಮಡಿಕೆ ಬಿಚ್ಚದೆಯೇ ಅಂಚನ್ನು ಉಗುರಿನಿಂದ ಮೀಟಿ, ಸೆರಗಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಮೊದಲಿಂದಕ್ಕಿಂತ ಬಿಗಿಯಾಗೈತೆ. ನೀನೇ ನೇಯ್ದಿದ್ದೇನಪ್ಪಾ?”

“ಅಲ್ಲಮ್ಮಾ. ನನ್ನ ಮಗಳು.”

ಹಿರಿಯಮ್ಮ ಪಾರ್ವತಿಯನ್ನು ಹತ್ತಿರ ಕರೆದರು. ಬಹಳ ಹೊತ್ತು ಅವಳ ಮುಖವನ್ನು ನೋಡಿದರು, ಕಲೆಗಳನ್ನಲ್ಲ, ಮುಖವನ್ನು.

“ಬೆಟ್ಟದ ದೇವ್ರ ಆಣೆ ಹಾಕಿದ್ರೂ ನಾನು ನಂಬ್ಲಿಲ್ಲ ಮಗಾ. ನನ್ನದು ತಪ್ಪಾಯ್ತು.”

“ನಂಗೆ ಹೇಳಿದ್ರೆ ಏನು ಬಂತು ಅಜ್ಜಿ? ನಂಗೆ ಮೊದ್ಲೇ ಗೊತ್ತಿತ್ತು” ಎಂದಳು ಪಾರ್ವತಿ. “ಹೊರಗೆ ನಿಂತವ್ರಲ್ಲ, ಅವ್ರಿಗೆ ಹೇಳ್ರಿ.”

ಗೌಡರ ಮನೆಯ ಹಿರಿಯಮ್ಮನಿಗೆ ಹೀಗೆ ಹೇಳಿದ ಹುಡುಗಿಯನ್ನು ನಮ್ಮ ಬೀದಿ ಅದುವರೆಗೆ ಕಂಡಿರಲಿಲ್ಲ. ಹಿರಿಯಮ್ಮ ಸೀರೆಯನ್ನು ಎದೆಗವಚಿಕೊಂಡು ಎದ್ದರು, ಮಂಡಿ ಹಿಡಿದುಕೊಂಡು ಹೊಸಲು ದಾಟಿದರು, ಜಗಲಿಯ ಮೇಲೆ ನಿಂತು, ಈ ಹುಡುಗಿಯ ಮೇಲೆ ತಾವು ಹೊರಿಸಿದ್ದು ಸುಳ್ಳೆಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಆ ದಿನ ೧೯೧೨ನೆಯ ಇಸವಿ ಫೆಬ್ರವರಿ ಹತ್ತೊಂಬತ್ತನೆಯ ತಾರೀಖು, ಸೋಮವಾರ.